ಪಸ್ಕದ ನಡುವೆ ಒಂದು ಇಫ್ತಾರ್

2022ರಲ್ಲಿ ಯಹೂದಿಗಳ ಪಸ್ಕ ಹಬ್ಬ ರಂಜಾನ್ ತಿಂಗಳ ನಡುವೆಯೇ ಬಂತು. ನಮ್ಮ ಸರ್ವಧರ್ಮ ಕೂಟದಲ್ಲಿ ಊಟದ ಜವಾಬ್ದಾರಿ ನನ್ನದು. ಪಸ್ಕದ ಊಟ, ರಂಜಾನ್ ಉಪವಾಸ ಬಿಡುವ ಇಫ್ತಾರ್ ಎರಡನ್ನೂ ಒಟ್ಟಿಗೇ ಮಾಡೋಣ ಅಂತ ಎಲ್ಲರೂ ಹುರುಪಿನಿಂದ ಹೇಳಿದರು. ಹೇಳೋದು ಸುಲಭ ಅಲ್ವಾ?

ಮೊದಲ ತೊಡಕು ದಿನದ್ದು. ಪಸ್ಕದ ಮೊದಲ ರಾತ್ರಿ ಏಪ್ರಿಲ್ 15, ಶುಕ್ರವಾರ. ಸೂರ್ಯ ಮುಳುಗುವ ಮುಂಚೆಯೇ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ ಶುರು. ಕಟ್ಟುನಿಟ್ಟಿನ ಯಹೂದಿಗಳು ಆಮೇಲೆ ಒಲೆ ಹಚ್ಚುವುದಿಲ್ಲ, ಕಾರು ಓಡಿಸುವುದಿಲ್ಲ. ಹಾಗಾಗಿ ಹಬ್ಬದ ನಡುವಿನ ಮಂಗಳವಾರ ಇಟ್ಟುಕೊಂಡೆವು.

ಆಮೇಲೆ ಅಡುಗೆ. ಪಸ್ಕದಲ್ಲಿ ಗೋಧಿಯಂಥ ಧಾನ್ಯದ ಹುಳಿ ಬಂದ ಹಿಟ್ಟಿನದು ಯಾವುದೂ ಮನೆಯೊಳಗೆ ಇರಬಾರದು. ಸಮೋಸಾ ಇಲ್ಲ, ನಾನ್ ಇಲ್ಲ. ಬೇಳೆ ಸೂಪ್? ಕೆಲವು ಯಹೂದಿಗಳು ಆ ದಿನಗಳಲ್ಲಿ ಅಕ್ಕಿ, ಬೇಳೆ ಕೂಡ ಮುಟ್ಟುವುದಿಲ್ಲ, ಕೆಲವರು ತಿನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಿ ಸುಸ್ತಾದೆ. ಮಾಂಸದ ಗೋಜೇ ಬೇಡ ಅಂತ ಮೀನು, ಆಲೂಗಡ್ಡೆ, ಮೊಟ್ಟೆ, ಹಣ್ಣಿಗೆ ಬಂದು ನಿಂತೆವು. ಮೀನು ಕೂಡ ರೆಕ್ಕೆ, ಪೊರೆ ಎರಡೂ ಇರುವಂಥದ್ದೇ ಆಗಬೇಕು. ಬೇಯಿಸಿದ್ದು ಪಸ್ಕಕ್ಕೆಂದು ಶುದ್ಧ ಮಾಡಿದ್ದ ಒಂದು ಯಹೂದಿ ಮನೆಯಲ್ಲಿ. ಯಾರ ನಿಯಮ ಜಾಸ್ತಿಯೋ ಅವರದೇ ಪಾತ್ರೆ. ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ ಅಂದರೆ ಇದೊಂದೇ.

ಉಪವಾಸ ಬಿಡೋಕೆ ತಂದಿದ್ದ ಖರ್ಜೂರದ ಬಗ್ಗೆ ಮಾತ್ರ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಹಣ್ಣು ತಾನೆ! ಆ ಮನೆಯ ಅಜ್ಜಿ ಕನ್ನಡಕ ಹಣೆಗೆ ಏರಿಸಿ, ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. ಸಣ್ಣ ಅಕ್ಷರದಲ್ಲಿ 'ಗ್ಲೂಕೋಸ್ ಸಿರಪ್' ಅಂತಿತ್ತು.

"ಇದು ಯಾವ ಧಾನ್ಯದ್ದು?"

ನನಗೇನು ಗೊತ್ತು. ಗೋಧಿಯದಾದರೆ ಪಸ್ಕಕ್ಕೆ ಆಗುವುದಿಲ್ಲ. ಸೂರ್ಯ ಮುಳುಗಲು ನಲವತ್ತು ನಿಮಿಷ ಇತ್ತು. ಬೆಳಗಿನಿಂದ ನೀರೂ ಕುಡಿಯದ ಒಬ್ಬ ಹುಡುಗ ಸೈಕಲ್ ಹತ್ತಿ ಹೋಗಿ, ಬೀಜ ತೆಗೆಯದ ಬರೀ ಖರ್ಜೂರ ತಂದ. ಅಜ್ಜಿ ಒಂದೊಂದನ್ನೂ ಸೀಳಿ ಹುಳ ಇದೆಯಾ ಅಂತ ನೋಡತೊಡಗಿದರು. ಹುಡುಗನೂ ಪಕ್ಕದಲ್ಲಿ ಕೂತು ಸೀಳಿದ. ಬಾಯಿಗೆ ಹಾಕೋ ಹಾಗಿಲ್ಲ, ಬೆರಳೆಲ್ಲ ಅಂಟು. ಅಜ್ಜಿ ಸುಮ್ನೆ ಒಂದು ಒದ್ದೆ ಬಟ್ಟೆ ಅವನ ಕಡೆ ತಳ್ಳಿದರು. ಭಾಷಣಕ್ಕೆ ಇಟ್ಟಿದ್ದ ಅರ್ಧ ಗಂಟೆ ಅಲ್ಲಿಗೇ ಹೋಯಿತು. ನನಗಂತೂ ಬೇಜಾರಾಗಲಿಲ್ಲ.

2023ರಲ್ಲೂ ಎರಡೂ ಕೂಡಿ ಬಂದವು. ಖರ್ಜೂರ ವಾರ ಮೊದಲೇ ತಂದಿಟ್ಟೆ. 2024ರಲ್ಲಿ ಪಸ್ಕ ಬರುವಷ್ಟರಲ್ಲಿ ರಂಜಾನ್ ಮುಗಿದಿತ್ತು. ಯಹೂದಿ ಪಂಚಾಂಗಕ್ಕೆ ಆ ವರ್ಷ ಅಧಿಕ ಮಾಸ. ಮುಸ್ಲಿಮರ ಪಂಚಾಂಗದಲ್ಲಿ ಅದೇ ಇಲ್ಲ, ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಅಜ್ಜಿ ಆ ವರ್ಷವೂ ಫೋನ್ ಮಾಡಿದ್ದರು. ಆ ಹುಡುಗ ಅವತ್ತು ಖರ್ಜೂರ ತಂದದ್ದು ಯಾವ ಅಂಗಡಿಯಿಂದ ಅಂತ ಕೇಳೋಕೆ.