ಹೆದರಿಕೆ ಇಟ್ಟುಕೊಂಡೇ ಗಾಡಿ ಹತ್ತಿದ್ದು: ನನ್ನ ಅನುಭವ

ಈಗ ವಾರಕ್ಕೆ ಮೂರ್ನಾಲ್ಕು ರಾತ್ರಿ ದಾವಣಗೆರೆಯಿಂದ ಹಿರಿಯೂರಿಗೆ ಮಂಡಕ್ಕಿ ಲೋಡು ನಾನೇ ಒಯ್ಯುತ್ತೇನೆ. ಬಾಡಿಗೆ ಡ್ರೈವರ್ ಇಲ್ಲ, ಧೈರ್ಯಕ್ಕೆ ಅಂತ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ, ಒಂದು ಆಕ್ಸಿಡೆಂಟ್ ಆದ ಮೇಲೆ, ಮನೆ ಮುಂದೆ ನಿಂತ ನನ್ನ ಪಿಕಪ್ ಗಾಡಿಯ ಬಾಗಿಲು ತೆಗೆಯುವುದಕ್ಕೂ ನನ್ನ ಕೈ ಬರುತ್ತಿರಲಿಲ್ಲ. "ಗಾಡಿ ಮಾರಿ ಒಂದು ಗೂಡಂಗಡಿ ಇಟ್ಕೋ" ಅಂದವರು ನಮ್ಮ ಸ್ಟ್ಯಾಂಡಿನಲ್ಲೂ ಇದ್ದಾರೆ, ಚರ್ಚಿನಲ್ಲೂ ಇದ್ದಾರೆ. ಬೈಬಲಿನ ಕೀರ್ತನೆ ಹೇಳಿಕೊಂಡು ಮತ್ತೆ ಗಾಡಿ ಹತ್ತುತ್ತೇನೆ ಅಂದಾಗ ಭಾವಮೈದ ಎಲ್ಲರೆದುರೇ "ಮಾವ, ಬಾಯಲ್ಲಿ ಮಂತ್ರ ಹೇಳಿದ್ರೆ ಕಾಲು ಬ್ರೇಕ್ ತುಳಿಯುತ್ತಾ?" ಅಂತ ಕೇಳಿದ್ದ. ತುಳಿಯಿತು. ಅದು ಹೇಗೆ ಅಂತ ಬರೆಯುತ್ತಿದ್ದೇನೆ, ನನ್ನ ಹಾಗೆ ಹೆದರಿ ಮನೆಯಲ್ಲಿ ಕೂತಿರುವ ಡ್ರೈವರ್ ಅಣ್ಣತಮ್ಮಂದಿರಿಗೆ ಉಪಯೋಗವಾಗಲಿ ಅಂತ. ಗೊತ್ತಿಲ್ಲದವರಿಗೆ: ಜಪಸರ ಅಂದರೆ ನಾವು ಮಣಿ ಎಣಿಸುತ್ತಾ ಪ್ರಾರ್ಥನೆ ಹೇಳುವ ಸರ, ನೊವೇನ ಅಂದರೆ ಒಂಬತ್ತು ದಿನದ ಪ್ರಾರ್ಥನೆ.

ಆಕ್ಸಿಡೆಂಟ್ ಆಗಿದ್ದು ಭರಮಸಾಗರ ದಾಟಿದ ಮೇಲೆ, ಮಳೆಗಾಲದಲ್ಲಿ, ಬೆಳಕು ಹರಿಯುವ ಮುಂಚೆ. ಇಂಡಿಕೇಟರ್ ಇಲ್ಲದೆ, ಹಿಂದೆ ಒಂದು ಕಲ್ಲೂ ಇಡದೆ ಲಾರಿಯೊಂದು ರಸ್ತೆ ಮೇಲೇ ನಿಂತಿತ್ತು. ಎಡಕ್ಕೆ ಎಳೆದೆ, ಪಿಕಪ್ ಚರಂಡಿಗೆ ಮಗುಚಿತು. ಮಂಡಕ್ಕಿ ಲೋಡು ತೂಕ ಕಡಿಮೆ, ಎತ್ತರ ಜಾಸ್ತಿ. ಹಗ್ಗ ಕಿತ್ತು ಚೀಲ ಒಡೆದು ರಸ್ತೆ ಉದ್ದಕ್ಕೂ ಬಿಳಿ ಹಾಸಿತು. ಹಿಂದೆ ಬಂದ ಗಾಡಿಗಳು ಅದರ ಮೇಲೇ ಹೋದವು. ಮಳೆನೀರಲ್ಲಿ ನೆಂದು ಉಬ್ಬಿದ ಮಂಡಕ್ಕಿಯ ಮೇಲೆ ಟೈರಿನ ಅಚ್ಚು, ಅದರೊಳಗೆ ನನ್ನ ಒಂದು ಚಪ್ಪಲಿ. ನನಗೆ ಆಗಿದ್ದು ಭುಜದ ಮೂಳೆ ಪೆಟ್ಟು ಮಾತ್ರ, ಒಂದೂವರೆ ತಿಂಗಳಲ್ಲಿ ಅದು ಸರಿಹೋಯಿತು. ಆದರೆ ಕೀ ತಿರುಗಿಸಿದರೆ ಅಂಗೈ ಬೆವರುತ್ತಿತ್ತು, ಗಂಟಲು ಕಟ್ಟುತ್ತಿತ್ತು, ರಸ್ತೆ ಎರಡಾಗಿ ಕಾಣುತ್ತಿತ್ತು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಹೆದರಿಕೆಗಿಂತ ಮುಂಚೆ ನಮ್ಮನ್ನು ಮುರಿಯುವುದು ಅದೇ. ರಿಪೇರಿಗೆ ಲಕ್ಷದ ಮೇಲೆ ಹೋಯಿತು. ಇನ್ಶೂರೆನ್ಸ್‌ನವರಿಂದ ಬಂದಿದ್ದು ಎಪ್ಪತ್ತೋ ಎಂಬತ್ತೋ ಸಾವಿರ, ಅದೂ ತಿಂಗಳುಗಟ್ಟಲೆ ಅಲೆದ ಮೇಲೆ. ಫೈನಾನ್ಸ್ ಕಂತು ತಿಂಗಳಿಗೆ ಹತ್ತಿರ ಹತ್ತಿರ 16 ಸಾವಿರ. ಬಾಡಿಗೆ ಡ್ರೈವರ್ ಇಟ್ಟೆ, ದಿನಕ್ಕೆ 900, ಮೇಲೆ ಊಟ-ಖರ್ಚಿನ ಬಾಟಾ. ದುರ್ಗಕ್ಕೆ (ಚಿತ್ರದುರ್ಗಕ್ಕೆ) ಒಂದು ಟ್ರಿಪ್ ಅಂದರೆ ಸಿಗುವುದು 3 ಸಾವಿರದ ಆಸುಪಾಸು; ಡೀಸೆಲ್, ಟೋಲು, ಹಮಾಲಿ, ಡ್ರೈವರ್ ಕಳೆದರೆ ಕೈಗೆ ಬರುತ್ತಿದ್ದುದು ಹಾಲು ಸೊಪ್ಪಿನ ದುಡ್ಡು. ಮನೆಯವಳ ಸರ ಅಡವಿಟ್ಟೆವು. ಅವಳು ಒಂದು ಮಾತೂ ಆಡಲಿಲ್ಲ, ಸರ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಕೈಗಿಟ್ಟಳು.

ಆ ತಿಂಗಳುಗಳಲ್ಲಿ ಮಾಡದ ಪ್ರಯತ್ನ ಇಲ್ಲ. ಮೊದಲು ನೊವೇನ. ಒಂಬತ್ತು ದಿನ ಒಂದೇ ಬೇಡಿಕೆ: ಪ್ರಭುವೇ, ಈ ಹೆದರಿಕೆ ತೆಗೆ. ಹತ್ತನೇ ದಿನ ಗಾಡಿ ಹತ್ತಿದೆ, ಕೈ ಅಷ್ಟೇ ನಡುಗಿತು. ಆಮೇಲೆ ಯಾರೋ ಹೇಳಿದರು ಅಂತ ಬೇರೆ ಊರಿನ ಪ್ರಾರ್ಥನಾ ಕೂಟಕ್ಕೆ ಹೋದೆ. ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿ, "ಭಯ ಇದೆ ಅಂದ್ರೆ ನಿನ್ನಲ್ಲಿ ವಿಶ್ವಾಸ ಇಲ್ಲ ಅಂತ ಅರ್ಥ, ಕಾಣಿಕೆ ಇಟ್ಟು ವಿಶ್ವಾಸ ತೋರಿಸು" ಅಂದರು. 5 ಸಾವಿರ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಗಾಡಿಯೊಳಗೆ ಪಟ, ಶಿಲುಬೆ, ಕನ್ನಡಿಗೆ ಜಪಸರ ಎಲ್ಲ ಹಾಕಿದೆ. ಕನ್ನಡಿಗೆ ತೂಗುಹಾಕಿದ ಜಪಸರ ಓಲಾಡಿದಾಗ ಎದುರಿನ ಲೈಟಿಗೆ ಅದರ ನೆರಳು ಗಾಡಿಯೊಳಗೆ ಓಡುತ್ತದೆ, ನನ್ನಂಥವನಿಗೆ ಅದೇ ಸಾಕು ಬೆಚ್ಚಿಬೀಳಲು. ಈಗ ಅದು ಅಂಗಿ ಜೇಬಿನಲ್ಲಿರುತ್ತದೆ. ಡ್ರೈವರ್ ಪಕ್ಕ ಕೂತು ಅಭ್ಯಾಸ ಮಾಡಿಕೊಳ್ಳೋಣ ಅಂತ ನೋಡಿದೆ, ಅದು ಇನ್ನೂ ಕೆಟ್ಟದ್ದು. ಪಕ್ಕದ ಸೀಟಿನಲ್ಲಿ ಬ್ರೇಕ್ ಇರುವುದಿಲ್ಲ. ಇಲ್ಲದ ಬ್ರೇಕ್ ತುಳಿದು ತುಳಿದು ಮೀನಖಂಡ ನೋಯುತ್ತಿತ್ತು.

ಡಾಕ್ಟರ್ ಹತ್ತಿರವೂ ಹೋದೆ. ನಿದ್ದೆಗೆ, ಎದೆ ಹೊಡೆತಕ್ಕೆ ಅಂತ ಮಾತ್ರೆ ಬರೆದುಕೊಟ್ಟರು. ರಾತ್ರಿ ಮಾತ್ರೆ ತಗೊಂಡರೆ ಮಾರನೇ ದಿನ ಗಾಡಿ ಮುಟ್ಟಬೇಡ ಅಂತ ಅವರೇ ಹೇಳಿದ್ದರು, ಹಾಗೇ ನಡೆದುಕೊಂಡೆ, ಬಿಡುವಾಗಲೂ ಅವರನ್ನೇ ಕೇಳಿ ಬಿಟ್ಟೆ. ಪ್ರಾರ್ಥನೆ ಮಾಡುವವನಿಗೆ ಮಾತ್ರೆ ಯಾಕೆ ಅನ್ನುವವರು ಬೈಬಲಿನಲ್ಲಿ ಎಲೀಯ ಪ್ರವಾದಿಯ ಕಥೆ ಓದಲಿ. ಪ್ರಾಣಭಯದಿಂದ ಓಡಿಹೋಗಿ ಗಿಡದ ಕೆಳಗೆ ಬಿದ್ದು ಸಾವು ಬೇಡಿದವನಿಗೆ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟು ಮತ್ತೆ ಎಬ್ಬಿಸಿ ಊಟ ಕೊಟ್ಟ. ಅವನು ದೇವರ ಬೆಟ್ಟಕ್ಕೆ ನಡೆದಿದ್ದು ಆಮೇಲೆ.

ದಾರಿ ತೆರೆದಿದ್ದು ಪವಿತ್ರ ಗುರುವಾರದ, ಅಂದರೆ ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ದಿನವನ್ನು ನೆನೆಯುವ ರಾತ್ರಿಯ ಆರಾಧನೆಯಲ್ಲಿ. ಹಿಡಿದುಕೊಂಡು ಹೋಗುವ ಮುಂಚೆ ಅವರು ಪ್ರಾರ್ಥಿಸಿದ ಗೆತ್ಸೆಮನಿ ತೋಟದ ವಾಚನ ಎಷ್ಟು ವರ್ಷದಿಂದ ಕೇಳಿದ್ದೇನೋ! ಆ ರಾತ್ರಿ ಮಾತ್ರ ಕಿವಿ ನಿಮಿರಿತು. ಯೇಸುಸ್ವಾಮಿಯೇ ಕಳವಳಗೊಂಡರು. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ಹೋಗಲಿ ಅಂದರು. ಮೂರು ಸಲ ಅದೇ ಮಾತಲ್ಲಿ ಪ್ರಾರ್ಥಿಸಿದರು ಅಂತ ಬೈಬಲಿನಲ್ಲಿ ಮತ್ತಾಯ ಬರೆದಿದ್ದಾನೆ, ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಅಂತ ಲೂಕ. ಪಾತ್ರೆ ಹೋಗಲಿಲ್ಲ. ಬಲಪಡಿಸಲು ಒಬ್ಬ ದೂತ ಬಂದ, ಅವರು ಎದ್ದು ಶಿಷ್ಯರಿಗೆ "ಏಳಿ, ಹೋಗೋಣ" ಅಂದರು. ಹೆದರಿಕೆಯೇ ಅವಿಶ್ವಾಸ ಆಗಿದ್ದರೆ ಈ ರಾತ್ರಿಗೆ ಏನನ್ನಬೇಕು? ಮೊಣಕಾಲೂರಿದಲ್ಲೇ ನನ್ನ ಬೇಡಿಕೆ ಬದಲಾಯಿಸಿದೆ. ತೆಗೆ ಅನ್ನುವುದು ಬಿಟ್ಟು, ಪ್ರಭುವೇ, ನಾಳೆ ಗಾಡಿ ಹತ್ತುತ್ತೇನೆ, ನಡುಗಿಕೊಂಡೇ ಹತ್ತುತ್ತೇನೆ, ಜತೆಗೆ ಕೂತ್ಕೋ ಅಂದೆ. ಫಾದರಿಗೆ ಹೇಳಿದಾಗ ಅವರೂ ಸ್ವಲ್ಪ ಅನುಮಾನಪಟ್ಟರು. "ಹುಷಾರಪ್ಪ, ರಸ್ತೆ ಮೇಲೆ ಬೇರೆಯವರ ಜೀವವೂ ಇರುತ್ತೆ" ಅಂದರು. ಸರಿಯಾದ ಮಾತು. ಅದಕ್ಕೇ ಹೈವೇಗೆ ಹೋಗದೆ ಮನೆ ಅಂಗಳದಿಂದ ಶುರುಮಾಡಿದೆ.

ಯಾವ ಕೀರ್ತನೆ ಅನ್ನುವುದರಲ್ಲೇ ಸುಮಾರು ದಿನ ಕಳೆದೆ. 23ನೇ ಕೀರ್ತನೆ ನಮ್ಮವರೆಲ್ಲರಿಗೂ ಬಾಯಿಪಾಠ, ಆದರೆ ನಮ್ಮ ಕಡೆ ಮಣ್ಣಿಗೆ ಹೋದಾಗೆಲ್ಲ ಕೇಳಿ ಕೇಳಿ, ಸಾವಿನ ನೆರಳಿನ ಕಣಿವೆಯ ವಚನ (ಸಾಲು) ಬಂದರೆ ನನಗೆ ಹೆಣದ ಪೆಟ್ಟಿಗೆಯೇ ಕಣ್ಣಿಗೆ ಬರುತ್ತಿತ್ತು. 91 ಒಳ್ಳೆಯದು, ಆದರೆ 16 ವಚನ, ಎದೆ ಹೊಡೆದುಕೊಳ್ಳುವಾಗ ಮಧ್ಯದಲ್ಲಿ ಮರೆತುಹೋಗುತ್ತದೆ, ಮರೆತರೆ ಇನ್ನೂ ಗಾಬರಿ. ಕೊನೆಗೆ 121 ನಿಂತಿತು. ಎಂಟೇ ವಚನ, ದಾರಿ ಹೋಕರದ್ದೇ ಹಾಡು, ಜೆರುಸಲೇಮಿಗೆ ಯಾತ್ರೆ ಹೊರಟವರು ಹಾಡುತ್ತಿದ್ದುದು.

ಮಾಡಿದ್ದು ಇಷ್ಟು. ಎಂಟು ವಚನಕ್ಕೆ ರಸ್ತೆಯ ಎಂಟು ಜಾಗ ಗುರುತು ಹಾಕಿದೆ. ದಾವಣಗೆರೆ ಬಯಲು, ಬೆಟ್ಟಗಳತ್ತ ಕಣ್ಣೆತ್ತುವ ಮೊದಲ ವಚನಕ್ಕೆ ಇಲ್ಲಿ ಬೆಟ್ಟವೇ ಇಲ್ಲ. ಹಾಗಾಗಿ ಹೋಗುವಾಗ ಕೊನೆಯಿಂದ ಹಿಡಿದೆ: ಹೋಗುವಾಗಲೂ ಬರುವಾಗಲೂ ಕಾಯುವನು ಅನ್ನುವ ಎಂಟನೆಯದು ಗಾಡಿ ಹೊರಡಿಸುವಾಗ, ಆನಗೋಡಿನ ಹತ್ತಿರ ಏಳನೆಯದು, ಹೆಬ್ಬಾಳು ಟೋಲಿನಲ್ಲಿ ಆರನೆಯದು, ಹೀಗೆ. ದುರ್ಗದ ಬೆಟ್ಟ, ಅದರ ಮೇಲಿನ ಗಾಳಿ ಫ್ಯಾನುಗಳು ಕಂಡಾಗ ಮೊದಲ ವಚನಕ್ಕೆ ಬಂದಿರುತ್ತೇನೆ. ವಾಪಸ್ ಬರುವಾಗ ಒಂದರಿಂದ ಎಂಟು, ಮನೆ ಮುಂದೆ ಎಂಜಿನ್ ಆಫ್ ಮಾಡುವಾಗ ಮತ್ತೆ ಹೋಗುವಾಗ-ಬರುವಾಗ. ಬಲಗಡೆಯಲ್ಲೇ ನೆರಳಾಗಿ ಇರುವನು ಅನ್ನುವ ಐದನೇ ವಚನ ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದಿತು. ನಮ್ಮ ಸೀಟು ಬಲಕ್ಕೆ, ಸ್ಲೀಪರ್ ಬಸ್ಸುಗಳು ಒರೆಸಿಕೊಂಡು ಹೋಗುವುದೂ ಬಲಕ್ಕೇ. ಬಸ್ಸು ಕನ್ನಡಿಯಲ್ಲಿ ಕಂಡ ಕೂಡಲೇ ಅದನ್ನು ಜೋರಾಗಿ ಹೇಳುತ್ತೇನೆ. ಮನಸ್ಸಲ್ಲೇ ಹೇಳಿದರೆ ಆಗುವುದಿಲ್ಲ, ಬಾಯಿಬಿಟ್ಟು ಹೇಳಿದರೆ ಕಟ್ಟಿದ ಉಸಿರು ತಾನಾಗಿ ಹೊರಗೆ ಬರುತ್ತದೆ.

ಒಂದು ನಿಯಮ ಮಾತ್ರ ಯಾವತ್ತೂ ಮುರಿಯಲಿಲ್ಲ. ಇವತ್ತು ಎಲ್ಲಿವರೆಗೆ ಅಂತ ಮನೆಯಲ್ಲೇ ತೀರ್ಮಾನ, ತಿರುಗುವುದು ಅಲ್ಲೇ. ಹೆದರಿಕೆ ಬಂದ ಜಾಗದಲ್ಲಿ ತಿರುಗಿದರೆ ನಾಳೆ ಅದು ಇನ್ನೂ ಮುಂಚೆಯೇ ಬಂದು ಕಾಯುತ್ತದೆ. ತೀರಾ ತಡೆಯಲಾಗದಿದ್ದರೆ ಸರ್ವಿಸ್ ರಸ್ತೆಗೆ ಇಳಿಸಿ, ಹಜಾರ್ಡ್ ಲೈಟ್ ಹಾಕಿ, ವಚನ ಮುಗಿಸಿ, ಕೈ ನಡುಕ ನಿಂತ ಮೇಲೆ ಮುಂದಕ್ಕೆ. ಮೊದಲ ವಾರ ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಕೂತಿದ್ದು ಅಷ್ಟೇ, ಬೀದಿ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಆಮೇಲೆ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಖಾಲಿ ಗಾಡಿ. ಆನಗೋಡಿಗೆ ಹೋಗಲು ತಿಂಗಳೇ ಹಿಡಿಯಿತು. ಡೀಸೆಲ್ ಸುಡುತ್ತಿದೆ, ಬಾಡಿಗೆ ಇಲ್ಲ. ಅದಕ್ಕೆ ಎಂಟ್ಹತ್ತು ಸಾವಿರ ಹೋಗಿರಬೇಕು. ಹುಚ್ಚು ಅಂದರು. ಆ ದುಡ್ಡಿನಷ್ಟು ಒಳ್ಳೆಯ ಕಡೆ ನಾನು ಬೇರೆ ಯಾವ ದುಡ್ಡನ್ನೂ ಹಾಕಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬಕ್ಕೆ ಹರಿಹರಕ್ಕೆ ನಡೆದುಕೊಂಡು ಹೋಗುವವರಿದ್ದಾರಲ್ಲ, ಅವರ ಜತೆ ರಾತ್ರಿ ಹೊರಟೆ, 14 ಕಿಲೋಮೀಟರ್ ಆಸುಪಾಸು. ಗಾಡಿಯೊಳಗೆ ಕೂತು ಹೆದರುವವನು ಅದೇ ಲಾರಿಗಳ ಪಕ್ಕ ನಡೆದರೆ ಏನಾಗುತ್ತೆ ನೋಡೋಣ ಅಂತ. ಒಂದು ಜಪಸರ ಮುಗಿಯುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ದಾಟುತ್ತದೆ, ಲಾರಿ ಹಾದುಹೋದಾಗ ಮಣಿ ತಪ್ಪುತ್ತದೆ, ಮತ್ತೆ ಸಿಗುತ್ತದೆ. ಅಲ್ಲಿನ ಮಾತೆಯ ಚರ್ಚು, ಬಸಿಲಿಕಾ, ಮುಟ್ಟುವ ಹೊತ್ತಿಗೆ ಲಾರಿಯ ಸದ್ದು ಬರೀ ಸದ್ದಾಗಿತ್ತು. ಆದರೆ ಸ್ಟೇರಿಂಗ್ ಹಿಡಿದು ಜಪಸರ ಹೇಳುವುದು ನನಗೆ ಒಗ್ಗಲಿಲ್ಲ, ಎಣಿಕೆಗೆ ಗಮನ ಹೋಗುತ್ತದೆ. ಉಂಗುರದ ಜಪಸರ ಹಾಕಿಕೊಂಡೂ ನೋಡಿದೆ, ಗೇರ್ ಹಾಕುವಾಗ ಒತ್ತುತ್ತದೆ. ನಡೆಯಲು ಜಪಸರ, ಓಡಿಸಲು ಕೀರ್ತನೆ ಅಂತ ಬೇರೆ ಮಾಡಿಕೊಂಡೆ.

ಭರಮಸಾಗರ ದಾಟುವುದೊಂದು ಉಳಿದಿತ್ತು. ಅದಕ್ಕೆ ಹಗಲು ಹೊತ್ತು, ಪೂರ್ತಿ ಮಂಡಕ್ಕಿ ಲೋಡು ಹಾಕಿಕೊಂಡೇ ಹೋದೆ. ಖಾಲಿ ಗಾಡಿಯಲ್ಲಿ ದಾಟಿದರೆ ಲೋಡಿನಲ್ಲಿ ಮತ್ತೆ ಹೆದರಬೇಕಾಗುತ್ತದೆ ಅಂತ ಲೆಕ್ಕ. ಆ ಜಾಗ ಬಂದಾಗ ಅಡ್ಡಗಾಳಿಗೆ ಟಾರ್ಪಾಲು ಪಟಪಟ ಅಂದಿತು, ಗಾಡಿ ಸ್ವಲ್ಪ ಎಡಕ್ಕೆ ತೂಗಿತು. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು, ತೊಡೆಗೆ ಒಂದೊಂದೇ ಕೈ ಒರೆಸಿಕೊಂಡೆ. ಆ ಅರ್ಧ ಕಿಲೋಮೀಟರಿನಲ್ಲಿ ನಾನು ಹೇಳುವ ವಚನ 121ರದ್ದಲ್ಲ, ಬೇರೆ. ಅದು ಯಾವುದು ಅಂತ ಮನೆಯವಳಿಗೂ ಹೇಳಿಲ್ಲ. ಪೆಟ್ಟು ತಿಂದ ಜಾಗದ ವಚನ ಒಬ್ಬೊಬ್ಬನೂ ತಾನೇ ಬೈಬಲ್ ತಿರುವಿ ಹುಡುಕಿಕೊಳ್ಳಬೇಕು, ಕೊಟ್ಟರೆ ಹಿಡಿಯುವುದಿಲ್ಲ. ರಾತ್ರಿ ಲೋಡಿಗೆ ಎರಡರಿಂದ ನಾಲ್ಕು ಗಂಟೆ ನಡುವೆ ಏನು ಮಾಡುತ್ತೇನೆ ಅನ್ನುವುದನ್ನೂ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಅದರಿಂದಲೇ ನನಗೆ ಹಿರಿಯೂರಿನ ಟ್ರಿಪ್ ಸಿಗುತ್ತಿರುವುದು. ಕೀರ್ತನೆ ಹೇಳುವ ತೂಕಡಿಸದ ಕಾವಲುಗಾರ ದೇವರು, ನಾನಲ್ಲ. ನಿದ್ದೆ ಬಂದರೆ ಢಾಬಾ ಪಕ್ಕ ನಿಲ್ಲಿಸಿ ಮಲಗುತ್ತೇನೆ ಅಂತ ಮಾತ್ರ ಹೇಳಬಲ್ಲೆ.

ಈಗಲೂ ಹೆದರಿಕೆ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಜೋರು ಮಳೆಯಲ್ಲಿ, ಮುಂದೆ ಕೆಂಪು ಲೈಟಿಲ್ಲದ ಗಾಡಿ ಕಂಡರೆ ಎದೆ ಒಮ್ಮೆ ಹಾರುತ್ತದೆ. ಬೈಬಲಿನಲ್ಲಿ ಗಿದ್ಯೋನ ಅನ್ನುವವನಿಗೆ ದೇವರು ಬಾಳ್ ದೇವತೆಯ ಬಲಿಪೀಠ ಕೆಡವು ಅಂದಾಗ ಅವನು ಹಗಲು ಮಾಡಲು ಅಂಜಿ ರಾತ್ರಿ ಕೆಡವಿದ; ಕೆಲಸ ಆಯಿತು, ದೇವರು ಯಾಕೆ ರಾತ್ರಿ ಮಾಡಿದೆ ಅಂತ ಕೇಳಲಿಲ್ಲ. ನನ್ನ ಕೆಲಸವೂ ಆಗುತ್ತಿದೆ. ಕಂತು ಒಂದೂ ಬಾಕಿ ಇಲ್ಲ, ಸರ ಬಿಡಿಸಿ ತಂದೆವು, ಕಳೆದ ಬೇಸಿಗೆಯಲ್ಲಿ ನಾಲ್ಕೂ ಟೈರು ಹೊಸದು ಹಾಕಿಸಿದೆ. ನಮ್ಮ ಸ್ಟ್ಯಾಂಡಿನ ಇಬ್ಬರು ಇದೇ ರೀತಿ ಮತ್ತೆ ಗಾಡಿ ಹತ್ತಿದ್ದಾರೆ, ಒಬ್ಬ ನಮ್ಮ ಸಭೆಯವನು, ಇನ್ನೊಬ್ಬ ಕ್ರೈಸ್ತನಲ್ಲ, ಅವನು ಐದನೇ ವಚನ ಒಂದನ್ನೇ ಕೇಳಿ ಬರೆಸಿಕೊಂಡು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಾನೆ. ಭಾವಮೈದ ಹೋದ ತಿಂಗಳು ಚಳ್ಳಕೆರೆಯಿಂದ ಶೇಂಗಾ ತರಲು ಜತೆಗೆ ಬಂದಿದ್ದ, ದಾರಿಯುದ್ದಕ್ಕೂ ನಿದ್ದೆ ಹೊಡೆದ. ನನ್ನ ಡ್ರೈವಿಂಗಿಗೆ ಅದಕ್ಕಿಂತ ಸರ್ಟಿಫಿಕೇಟ್ ಬೇಕಿಲ್ಲ.

ಮುಂದಿನದು ತುಮಕೂರು ದಾಟಿ ನೆಲಮಂಗಲ. ಬೆಂಗಳೂರಿನ ಒಬ್ಬ ವ್ಯಾಪಾರಿ ವಾರಕ್ಕೆರಡು ಲೋಡು ಕೇಳಿದ್ದಾರೆ, ರೇಟೂ ಒಪ್ಪಿಗೆಯಾಗಿದೆ. ಹಿರಿಯೂರಿನಿಂದಾಚೆಗೆ ನನ್ನ ಎಂಟು ವಚನ ಸಾಲುವುದಿಲ್ಲ. ಯಾತ್ರೆಯ ಕೀರ್ತನೆಗಳು 120ರಿಂದ 134ರವರೆಗೆ 15 ಇವೆಯಲ್ಲ, 122ರ ಒಂಬತ್ತು ವಚನ ಬಾಯಿಪಾಠ ಮಾಡುತ್ತಿದ್ದೇನೆ. ಶಿರಾಕ್ಕೆ ಯಾವುದು, ತುಮಕೂರಿಗೆ ಯಾವುದು ಅಂತ ಖಾಲಿ ಗಾಡಿಯಲ್ಲಿ ಒಮ್ಮೆ ಹೋಗಿಬಂದು ಗುರುತು ಹಾಕಬೇಕು.