ಕೃತಕ ಮಂಡಿಗೆ ಸೋಂಕು ತಗಲಿದೆಯೆಂಬ ಅನುಮಾನ ಬಂದಾಗ

ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ ಕಳೆದರೂ ಹೊಲಿಗೆಯ ಗಾಯದಿಂದ ನೀರು ಒಸರುತ್ತಿದ್ದರೆ, ಅಥವಾ ಇಳಿದಿದ್ದ ನೋವು, ಊತ ಮತ್ತೆ ಏರಿದರೆ, ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಾಣಿರಿ. ಚಳಿಜ್ವರವೂ ಇದ್ದರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿರಿ.

ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗಬೇಡಿ. ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಇದು. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಸ್ಟ್ಯಾಫಿಲೊಕಾಕಸ್ ಕುಲದ ಬ್ಯಾಕ್ಟೀರಿಯಾಗಳು ಕೃತಕ ಮಂಡಿಯ ಲೋಹಕ್ಕೆ ಅಂಟಿಕೊಂಡು, ತಾವೇ ಸ್ರವಿಸಿದ ಲೋಳೆಯ ಪದರದೊಳಗೆ ಗುಂಪುಗೂಡುತ್ತವೆ. ನೀರಿನ ತೊಟ್ಟಿಯ ಒಳಗೋಡೆಗೆ ಹಿಡಿದ ಜಾರುಪದರವನ್ನು ಬೆರಳಿನಿಂದ ಉಜ್ಜಿದವರಿಗೆ ಇದರ ಅಂದಾಜು ಸಿಗುತ್ತದೆ. ನೀರು ಸುರಿದಷ್ಟಕ್ಕೆ ಅದು ಬಿಡುವುದಿಲ್ಲ. ಬಯೋಫಿಲ್ಮ್ ಎನ್ನುವ ಈ ಪದರದೊಳಗೆ ನಿಧಾನವಾಗಿ ಬೆಳೆಯುವ ಜೀವಿಗಳನ್ನು ಮಾತ್ರೆಯೊಂದೇ ನಿರ್ಮೂಲ ಮಾಡಲಾರದು, ಆದರೆ ಪರೀಕ್ಷೆಯಲ್ಲಿ ಅವು ಪತ್ತೆಯಾಗದಂತೆ ಮಾಡಿಬಿಡಬಹುದು.

ವೈದ್ಯರು ದೇಹದಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ರಕ್ತದ ಸಿಆರ್‌ಪಿ ಪರೀಕ್ಷೆಯ ಜೊತೆಗೆ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಕಲ್ಚರ್‌ಗೆ (ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳುಹಿಸುತ್ತಾರೆ. ಈಗಾಗಲೇ ಮಾತ್ರೆ ನುಂಗಿದ್ದರೆ ಅದರ ಹೆಸರನ್ನೂ ದಿನಾಂಕವನ್ನೂ ಮುಚ್ಚಿಡದೆ ತಿಳಿಸಿರಿ. ಸೋಂಕು ಕೆಲವೇ ವಾರಗಳದ್ದಾಗಿದ್ದರೆ ಕೀಲನ್ನು ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಭಾಗವನ್ನು ಬದಲಿಸಿ, ಲೋಹವನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ಪದರ ಬಲಿತ ಮೇಲೆ ಸಾಮಾನ್ಯವಾಗಿ ಇಡೀ ಇಂಪ್ಲಾಂಟನ್ನೇ ಹೊರತೆಗೆಯಬೇಕಾಗುತ್ತದೆ.