ಬಣ್ಣ ಬಿಡಿ, ಹಿಂದಿನ ರೆಕ್ಕೆ ನೋಡಿ

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ಮನೆಯವರು ನಿಂಬೆಗಿಡದಲ್ಲಿ ಹೆಜ್ಜೇನು ಕಟ್ಟಿದೆ ಅಂತ ಗಾಬರಿಯಾಗಿ ಹೊಗೆ ಹಾಕಿಸಿದರು. ಮರುದಿನ ಹೋಗಿ ನೋಡಿದರೆ ಕೆಳಗೆ ಬಿದ್ದಿದ್ದ ಎರಿ, ಅಂದರೆ ಮೇಣದ ಗೂಡು, ಅಂಗೈಯಷ್ಟೇ ಅಗಲ. ಪಾಪ, ಅದು ಪುಟ್ಟ ಕೋಲುಜೇನು! ಜೇನುಗಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಒಂದು ಜೋಡಿ ಮಾತ್ರ ಎಲ್ಲರನ್ನೂ ಯಾಮಾರಿಸುತ್ತದೆ: ನಮ್ಮ ನಾಡಿನ ತುಡುವೆ ಜೇನು, ಹೊರದೇಶದಿಂದ ತಂದ ಮೆಲ್ಲಿಫೆರಾ ಜೇನು.

ಹಂತ 1: ಅದು ಜೇನೇ ಹೌದಾ? ಎರಡೇ ರೆಕ್ಕೆ, ಮೋಟು ಮೀಸೆ, ಮುಖದ ತುಂಬ ಕಣ್ಣು ಇದ್ದರೆ ಅದು ಜೇನಿನ ವೇಷ ಹಾಕಿದ ನೊಣ. ಜೇನಿಗೆ ನಾಲ್ಕು ರೆಕ್ಕೆ.

ಹಂತ 2: ಸುಲಭದವನ್ನು ಬದಿಗಿಡಿ. ದೊಡ್ಡ ಮರದ ಕೊಂಬೆ, ಬಂಡೆ, ನೀರಿನ ಟ್ಯಾಂಕಿನ ಅಡಿಯಲ್ಲಿ ಒಂದೇ ಒಂದು ದೊಡ್ಡ ಎರಿ ಬಯಲಿಗೇ ನೇತಾಡುತ್ತಿದ್ದರೆ ಹೆಜ್ಜೇನು. ಅಲ್ಲಿ ಭೂತಗನ್ನಡಿ ಹಿಡಿದುಕೊಂಡು ಹೋಗಬೇಡಿ, ದೂರದಿಂದಲೇ ಕೈಮುಗಿಯಿರಿ. ಗಿಡದ ಸಣ್ಣ ರೆಂಬೆಯನ್ನು ಸುತ್ತಿಕೊಂಡ ಪುಟ್ಟ ಎರಿಯಾದರೆ ಕೋಲುಜೇನು. ಅದರ ಹೊಟ್ಟೆಯ ಬುಡ ತುಕ್ಕಿನ ಕೆಂಪು, ಆಮೇಲೆ ಕಪ್ಪು ಬಿಳಿ ಪಟ್ಟೆ, ಉದ್ದ 7–10 ಮಿಲಿಮೀಟರ್. ಇರುವೆ ಬರದಿರಲಿ ಅಂತ ರೆಂಬೆಗೆ ಎರಡೂ ಕಡೆ ಅಂಟು ಬಳಿದುಕೊಂಡಿರುತ್ತದೆ, ಜಾಣ ಪ್ರಾಣಿ. ಗೋಡೆಯ ಸಂದಿಯ ಮೇಣದ ಕೊಳವೆಯಿಂದ ಓಡಾಡುವ ಇರುವೆಯಂಥ ಕಪ್ಪು ಹುಳು ಮುಜಂಟಿ. ಅದಕ್ಕೆ ಕುಟುಕಲು ಬರುವುದಿಲ್ಲ.

ಹಂತ 3: ಜನ ಎಡವುವುದು ಇಲ್ಲಿ. ಹೂವಿನ ಮೇಲೆ ಕೂತಿರುವುದು ನಮ್ಮ ತುಡುವೆಯೋ, ಪೆಟ್ಟಿಗೆಯಲ್ಲಿ ಬಂದ ಮೆಲ್ಲಿಫೆರಾವೋ? ಮೆಲ್ಲಿಫೆರಾ 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆ ಕಂಡಿತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ನಮ್ಮ ಕಡೆಯ ತುಡುವೆ ಗೂಡುಗಳು ಸಾಲುಸಾಲಾಗಿ ಖಾಲಿಯಾದವು. ಆಮೇಲೆ ಮೆಲ್ಲಿಫೆರಾ ಪೆಟ್ಟಿಗೆಗಳು ಇಲ್ಲೂ ಕಾಲಿಟ್ಟವು. ಈಗ ಸೂರ್ಯಕಾಂತಿ ಹೊಲದಲ್ಲಿ ಎರಡೂ ಸಿಗಬಹುದು.

ಎಲ್ಲರೂ ಮೊದಲು ನೋಡುವುದು ಬಣ್ಣ. ಅದೇ ತಪ್ಪು. ಮಲೆನಾಡಿನ ತುಡುವೆ ಕಪ್ಪಗಿರುತ್ತದೆ, ಬಯಲುಸೀಮೆಯದು ಹಳದಿ. ಸಾಲದ್ದಕ್ಕೆ, ಹೂವು ಸುತ್ತಿ ಸುತ್ತಿ ಮುದಿಯಾದ ಜೇನಿನ ಕೂದಲು ಉದುರಿ ಮೈ ಇನ್ನೂ ಕಪ್ಪಾಗುತ್ತದೆ. ಗಾತ್ರವೂ ನೆಚ್ಚುವಂಥದ್ದಲ್ಲ. ಮೆಲ್ಲಿಫೆರಾ ತುಸು ದೊಡ್ಡದು, ನಿಜ. ಆದರೆ ಪಕ್ಕದಲ್ಲಿ ಇನ್ನೊಂದಿಲ್ಲದೆ ಅದು ಗೊತ್ತಾಗುವುದು ಹೇಗೆ? ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪ್‌ಗಳನ್ನಂತೂ ಈ ಜೋಡಿಯ ಮಟ್ಟಿಗೆ ನಾನು ನಂಬುವುದಿಲ್ಲ. ಒಂದೇ ಹುಳುವಿನ ಎರಡು ಫೋಟೊಗೆ ಎರಡು ಹೆಸರು ಕೊಟ್ಟಿದ್ದನ್ನು ನೋಡಿದ್ದೇನೆ.

ನಂಬಬೇಕಾದದ್ದು ಹಿಂದಿನ ರೆಕ್ಕೆ. ಇದಕ್ಕಾಗಿ ಜೇನನ್ನು ಕೊಲ್ಲಬೇಡಿ. ಗೂಡಿನ ಬಾಗಿಲ ಕೆಳಗೆ, ಕಿಟಕಿಯ ಅಂಚಿನಲ್ಲಿ ಸತ್ತದ್ದು ಸಿಕ್ಕೇ ಸಿಗುತ್ತದೆ. (ಬೆಳಗ್ಗೆ ಟ್ಯೂಬ್‌ಲೈಟ್ ಅಡಿ ಬಿದ್ದಿರುವುದು ಹೆಚ್ಚಾಗಿ ಹೆಜ್ಜೇನು, ಅವಕ್ಕೆ ರಾತ್ರಿ ದೀಪದ ಹುಚ್ಚು.) ಒಣಗಿ ಸೆಟೆದಿದ್ದರೆ ಒದ್ದೆ ಹತ್ತಿಯ ಜೊತೆ ಒಂದು ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ, ಮೆತ್ತಗಾಗುತ್ತದೆ. ಮುಂದಿನ ದೊಡ್ಡ ರೆಕ್ಕೆಗೂ ಹಿಂದಿನ ಸಣ್ಣ ರೆಕ್ಕೆಗೂ ನಡುವೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಅದಕ್ಕೇ ಎರಡೂ ಸೇರಿ ಒಂದೇ ರೆಕ್ಕೆಯಂತೆ ಕಾಣುವುದು. ಸೂಜಿಯ ಮೊನೆಯಿಂದ ಮೆಲ್ಲಗೆ ಬಿಡಿಸಿ, ಚಿಮಟದಲ್ಲಿ ಬುಡಕ್ಕೇ ಹಿಡಿದು ಸಣ್ಣದನ್ನು ಕೀಳಿ. ತುದಿ ಹಿಡಿದು ಎಳೆದರೆ ಹರಿಯುತ್ತದೆ.

ಈಗ ಬುಡ ಎಡಕ್ಕೆ, ತುದಿ ಬಲಕ್ಕೆ ಬರುವಂತೆ ರೆಕ್ಕೆಯನ್ನು ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಬುಡದಿಂದ ಹೊರಟ ಒಂದು ಗೆರೆ ರೆಕ್ಕೆಯ ನಡುವಿನಲ್ಲಿ ಒಂದು ಅಡ್ಡಗೆರೆಯನ್ನು ಸೇರುತ್ತದೆ. ಆ ಕೂಡುವ ಜಾಗದ ಮೇಲೆ ಕಣ್ಣಿಡಿ. ಗೆರೆ ಅಲ್ಲಿಗೇ ಮುಗಿದು ಆಚೆ ಬರೀ ಖಾಲಿ ಪೊರೆ ಇದ್ದರೆ ಮೆಲ್ಲಿಫೆರಾ. ಅಲ್ಲಿಂದ ಮುಂದಕ್ಕೂ ಅಂಚಿನ ಕಡೆಗೆ ಪುಟ್ಟ ಬಾಲದಂತೆ ಚಾಚಿದ್ದರೆ ತುಡುವೆ. ಇಷ್ಟೇ! ಬಣ್ಣ ಏನೇ ಇರಲಿ, ಬಾಲ ಸುಳ್ಳು ಹೇಳುವುದಿಲ್ಲ.

ಇದಕ್ಕೆ 10 ಪಟ್ಟು ದೊಡ್ಡದು ಮಾಡುವ, ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಲೆನ್ಸೇ ಬೇಕು. ಮೊಬೈಲಿಗೆ ಕ್ಲಿಪ್ ಹಾಕುವ ಅಗ್ಗದ ಲೆನ್ಸ್ ತಗೊಂಡು ನಾನು ದುಡ್ಡು ಕಳೆದುಕೊಂಡೆ. ನಡುವೆ ಮಾತ್ರ ಚೆನ್ನಾಗಿ ಕಾಣುತ್ತದೆ, ಸುತ್ತಲೂ ಮಂಜು.

ಗೂಡೇ ಎದುರಿಗಿದ್ದರೆ ರೆಕ್ಕೆ ಕೀಳುವ ಗೋಜೂ ಇಲ್ಲ. ಬಿಸಿಲೇರಿದಾಗ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುವ ಜೇನುಗಳನ್ನು ನೋಡಿ. ತುಡುವೆ ನಮ್ಮ ಕಡೆ ಮುಖ ಮಾಡಿ ಬೀಸುತ್ತದೆ. ಮೆಲ್ಲಿಫೆರಾ ಬಾಗಿಲ ಕಡೆ ತಲೆ ಹಾಕಿ, ನಮಗೆ ಬೆನ್ನು ತೋರಿಸುತ್ತದೆ. ನನಗೆ ಈ ಉಪಾಯವೇ ಜಾಸ್ತಿ ಇಷ್ಟ.

ಹಂತ 4: ರೆಕ್ಕೆಯನ್ನು ಬಿಳಿ ಕಾಗದದ ಮೇಲೆ ಟೇಪ್ ಹಚ್ಚಿ ಅಂಟಿಸಿ, ಪಕ್ಕದಲ್ಲಿ ತಾರೀಕು, ಊರು ಬರೆದಿಡಿ. ಎರಡೂ ಬದಿಯ ಹಿಂದಿನ ರೆಕ್ಕೆ ನೋಡದೆ ಹೆಸರು ಮಾತ್ರ ಬರೆಯಬೇಡಿ. ನನ್ನ ಪುಸ್ತಕದ ಮೊದಲ ಪುಟದಲ್ಲೇ ಒಂದು ‘ಮೆಲ್ಲಿಫೆರಾ’ ಇದೆ. ಕೀಳುವಾಗ ಬಾಲವಿದ್ದ ಅಂಚೇ ಹರಿದುಹೋಗಿದ್ದ ತುಡುವೆ ಅದು.